ಕಡಲು ಕಾಣಲು ಒಂದು ಸಂಜೆ



ನಮ್ಮ ಹಾಲು ದಿನವೂ ಮಂಗಳೂರಿಗೆ ಹೋಗುತ್ತದೆ. ಸುಳ್ಯದ ಗುಡ್ಡದ ಬುಡದ ಹಟ್ಟಿಯಿಂದ, ಬೆಳ್ತಂಗಡಿಯ ತೋಟದ ಮನೆಯಿಂದ, ಪುತ್ತೂರು, ಬಂಟ್ವಾಳದ ಹಳ್ಳಿಗಳಿಂದ ಹೊರಟ ಹಾಲು ಕುಲಶೇಖರದ ಡೇರಿ ಸೇರುತ್ತದೆ. ಅಲ್ಲಿ ಪ್ಯಾಕೆಟ್ ಆಗಿ, ಊರು ಏಳುವ ಮೊದಲೇ ಹಂಪನಕಟ್ಟೆಯ ಅಂಗಡಿಗಳ ಮುಂದೆ ಟ್ರೇಗಳಲ್ಲಿ ಬಂದು ಕೂರುತ್ತದೆ. ಪೇಟೆಯವರ ಬೆಳಗಿನ ಕಾಫಿ, ಹೋಟೆಲಿನ ಚಹಾ, ಆಸ್ಪತ್ರೆಯ ರೋಗಿಯ ಗ್ಲಾಸು, ಎಲ್ಲದರಲ್ಲೂ ನಮ್ಮ ಕೈಯ ಕೆಲಸ ಇದೆ.

ಹಾಲು ಇಷ್ಟು ಸಲೀಸಾಗಿ ಹೋಗುತ್ತದೆ. ಅದನ್ನು ಕರೆದವಳು ಮಾತ್ರ ಹೋಗುವುದಿಲ್ಲ. ಹೋದರೂ ವೆನ್ಲಾಕ್ ಆಸ್ಪತ್ರೆಗೆ ಅತ್ತೆಯನ್ನು ತೋರಿಸಲು, ಲೇಡಿಗೋಷನ್ ಆಸ್ಪತ್ರೆಗೆ ಮಗಳ ಹೆರಿಗೆಗೆ, ಮದುವೆಯ ಜವುಳಿಗೆ, ಮಗನನ್ನು ಕಾಲೇಜಿಗೆ ಸೇರಿಸಲು. ಕೆಲಸ ಮುಗಿದ ಕೂಡಲೇ ಗಡಿಯಾರ ನೋಡುತ್ತಾ ಬಸ್ಸು ಹಿಡಿಯುತ್ತಾಳೆ. ಹಂಪನಕಟ್ಟೆಯಿಂದ ಸ್ವಲ್ಪ ದೂರದಲ್ಲೇ ಇರುವ ಕಡಲು ಹಾಗೆಯೇ ಉಳಿಯುತ್ತದೆ. ಕಡಲ ಜಿಲ್ಲೆಯಲ್ಲಿ ಹುಟ್ಟಿ, ಕಡಲ ಜಿಲ್ಲೆಯಲ್ಲಿ ಮದುವೆಯಾಗಿ, ನಲವತ್ತು ದಾಟಿದರೂ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಒಮ್ಮೆಯೂ ನೋಡದ ಹೆಂಗಸರು ನಮ್ಮ ನಡುವೆ ಇದ್ದಾರೆ. ನಿಮ್ಮ ಸಂಘದಲ್ಲೇ ಒಮ್ಮೆ ಕೇಳಿ ನೋಡಿ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹಾಲು ಹಾಕುವ ಪ್ರತಿಯೊಬ್ಬ ಹೆಂಗಸಿಗೂ ವರ್ಷದಲ್ಲಿ ಒಂದು ದಿನ, ಸಂಜೆಯೂ ಸೇರಿದ ಇಡೀ ಒಂದು ದಿನ, ಕಡಲ ಪೇಟೆಯನ್ನು ಸುಮ್ಮನೆ ನೋಡಿಕೊಂಡು ಬರಲು ಸಿಗಬೇಕು. ಅದನ್ನು ಅವಳ ಅದೃಷ್ಟಕ್ಕೆ ಬಿಡದೆ ಸಂಘವೇ ಏರ್ಪಡಿಸಬೇಕು.

ಸಂಜೆ ಯಾಕೆ ಮುಖ್ಯ

ನಮ್ಮ ದಿನದ ಲೆಕ್ಕ ನೋಡೋಣ. ಬೆಳಗ್ಗೆ ಐದರಿಂದ ಆರರ ಒಳಗೆ ಹಾಲು ಕರೆಯಬೇಕು. ಸಂಘಕ್ಕೆ ಹಾಲು ಹಾಕಿ ಬಂದು, ಸೆಗಣಿ ತೆಗೆದು, ಹುಲ್ಲು ಹಾಕಿ, ಮನೆಯವರಿಗೆ ತಿಂಡಿ ಮಾಡಿ ಹೊರಡುವಾಗ ಎಂಟು ಗಂಟೆ. ಸುಳ್ಯದ ಕಡೆಯವರಾದರೆ ಮಂಗಳೂರು ಮುಟ್ಟುವಾಗ ಹತ್ತೂವರೆ, ಹನ್ನೊಂದು. ಸಂಜೆ ನಾಲ್ಕೂವರೆಗೆ ಪುನಃ ಹಟ್ಟಿಯಲ್ಲಿ ಇರಬೇಕಾದರೆ ಎರಡು ಗಂಟೆಗೆ ಮುಂಚೆಯೇ ಪೇಟೆ ಬಿಡಬೇಕು. ನಡುವೆ ಸಿಗುವುದು ಮೂರು ಗಂಟೆ, ಅದೂ ನೆತ್ತಿ ಸುಡುವ ಬಿಸಿಲಿನಲ್ಲಿ. ಕಡಲ ಕರೆಗೆ ಯಾರೂ ಹೋಗದ ಹೊತ್ತು ಅದು.

ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಆರು ಕಳೆದ ಸ್ವಲ್ಪ ಹೊತ್ತಿಗೆ, ಜೂನಿನಲ್ಲಿ ಏಳರ ಹತ್ತಿರ. ಅಂದರೆ ಕಡಲು ಚಂದ ಕಾಣುವ ಹೊತ್ತೂ, ಸಂಘದಲ್ಲಿ ಹಾಲು ಅಳೆಯುವ ಹೊತ್ತೂ ಹೆಚ್ಚು ಕಡಿಮೆ ಒಂದೇ. ಪಣಂಬೂರಿನ ಮರಳಿನಲ್ಲಿ ಜನ ಪಡುವಣಕ್ಕೆ ಮುಖ ಮಾಡಿ ಕುಳಿತಿರುವಾಗ ನಮ್ಮ ಮುಖ ದನದ ಹೊಟ್ಟೆಯ ಕಡೆಗೆ ಇರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಹೈನುಗಾರಿಕೆ ಇರುವುದೇ ಹಾಗೆ. ಆದರೆ ಈ ಲೆಕ್ಕ ಅರ್ಥವಾಗದೆ ನಮಗೆ ರಜೆ ಯಾಕೆ ಸಿಗುವುದಿಲ್ಲ ಎಂಬುದು ಅರ್ಥವಾಗುವುದಿಲ್ಲ. ಬಸ್ಸಿನ ದುಡ್ಡು ಇಲ್ಲದೆ ನಾವು ಮನೆಯಲ್ಲಿ ಉಳಿದವರಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಎಲ್ಲರಿಗೂ ಅದರ ಲಾಭ ಒಂದೇ ರೀತಿ ಸಿಗದಿದ್ದರೂ, ಪುತ್ತೂರು, ಸುಳ್ಯ, ಧರ್ಮಸ್ಥಳದ ಕಡೆಯಿಂದ ಮಂಗಳೂರಿಗೆ ಸರಕಾರಿ ಬಸ್ಸು ಇದ್ದೇ ಇದೆ. ಬಸ್ಸು ಉಚಿತವಾದ ಮೇಲೂ ನಾವು ಹೋಗಿಲ್ಲ. ತಡೆದದ್ದು ಸಂಜೆಯ ಹಾಲು.

ಕಟ್ಟೆ ಇದ್ದ ಪೇಟೆ

ಹಂಪನಕಟ್ಟೆಯ ಹೆಸರಿನ ಬಗ್ಗೆ ಹಿರಿಯರು ಹೇಳುವ ಒಂದು ಮಾತಿದೆ. ಹಿಂದೆ ಇಲ್ಲಿ ಒಂದು ಬಾವಿ, ಅದರ ಪಕ್ಕ ಒಂದು ಕಟ್ಟೆ ಇತ್ತಂತೆ. ಅಪ್ಪಣ್ಣ ಎಂಬವನು ಅಲ್ಲಿ ಕುಳಿತು, ದೂರದಿಂದ ನಡೆದು ಬಂದವರಿಗೆ ನೀರು ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಹೋಗಿ ಹಂಪನಕಟ್ಟೆ ಆಯಿತು ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ರಸ್ತೆ ಕಾಮಗಾರಿಗೆ ಅಗೆಯುವಾಗ ಹಂಪನಕಟ್ಟೆಯಲ್ಲಿ ನಿಜವಾಗಿಯೂ ಒಂದು ಹಳೆಯ ಬಾವಿ ಕಂಡಿತು. ಪೇಪರಿನಲ್ಲಿ ಅದರ ಫೋಟೋ ನೋಡಿದವರು ನಮ್ಮಲ್ಲೂ ಇರಬಹುದು.

ಹೊರಗಿನಿಂದ ಬಂದವರಿಗೆ ನೀರು ಕೊಟ್ಟವನ ಹೆಸರನ್ನೇ ಇಡೀ ಪೇಟೆಯ ನಡುಮಧ್ಯಕ್ಕೆ ಇಟ್ಟಿದ್ದಾರೆ ಅಂದರೆ, ಈ ಊರು ಬೆಳೆದದ್ದೇ ಬಂದುಹೋಗುವವರಿಂದ ಎಂದಾಯಿತು. ಹಾಗಾಗಿ ಅಲ್ಲಿ ಇಳಿದಾಗ ನಾವು ಹಳ್ಳಿಯವರೆಂದು ಮುದುಡಿಕೊಳ್ಳುವ ಅಗತ್ಯ ಇಲ್ಲ. ಆ ಕಟ್ಟೆ ಇದ್ದದ್ದೇ ನಮ್ಮಂಥವರಿಗೆ.

ನೋಡಲು ಅಲ್ಲಿ ಬೇಕಾದಷ್ಟು ಇದೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತಿದರೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಚಿತ್ರಕಾರ 1899ರಿಂದ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಮಾಡು ಎಲ್ಲ ಚಿತ್ರ ಬರೆದಿದ್ದಾನೆ. ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ಇರುವ ಲೋಕೇಶ್ವರನ ಕಂಚಿನ ಮೂರ್ತಿಯ ಶಾಸನ ಕ್ರಿ.ಶ. 968ರದ್ದು, ಸಾವಿರ ವರ್ಷಕ್ಕೂ ಹಳೆಯದು. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ 1912ರಲ್ಲಿ ನಾರಾಯಣ ಗುರುಗಳಿಂದ ಪ್ರತಿಷ್ಠೆಯಾದದ್ದು. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ದೇವಸ್ಥಾನ ಬೋಳಾರದಲ್ಲಿದೆ. ಇವೆಲ್ಲ ಬೆಳಗಿನ ಹೊತ್ತಿಗೆ.

ಮಧ್ಯಾಹ್ನ ಊಟದ ನಂತರ ಒಂದು ಗಡ್‌ಬಡ್ ಐಸ್‌ಕ್ರೀಮ್ ತಿನ್ನಲೇಬೇಕು. ಹಾಲು ಹಾಕುವವರು ನಾವು, ಐಸ್‌ಕ್ರೀಮ್ ತಿನ್ನುವವರು ಬೇರೆಯವರು ಎಂಬ ನಿಯಮ ಎಲ್ಲಿಯೂ ಬರೆದಿಲ್ಲ. ಬಿಸಿಲು ಇಳಿದ ಮೇಲೆ ಪೇಟೆಯಿಂದ ಬಡಗಕ್ಕೆ ಪಣಂಬೂರು, ಅಥವಾ ಗುರುಪುರ ನದಿಯ ಆಚೆಯ ತಣ್ಣೀರುಬಾವಿ, ಅಥವಾ ನೇತ್ರಾವತಿ ದಾಟಿ ಉಳ್ಳಾಲದ ಸೋಮೇಶ್ವರ. ಸೋಮೇಶ್ವರದಲ್ಲಿ ಬಂಡೆಯ ಮೇಲಿನ ದೇವಸ್ಥಾನದಿಂದ ಕಡಲು ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿ ನೀರಿಗೆ ಇಳಿಯುವುದು ಅಪಾಯ. ಯಾವ ಕಡಲ ಕರೆಯಲ್ಲಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಹತ್ತಿರ ಹೋಗಬಾರದು. ಉಳಿದ ಕಾಲದಲ್ಲೂ ಪಾದ ಒದ್ದೆ ಮಾಡಿಕೊಂಡರೆ ಸಾಕು. ಕಾವಲಿನವರು ಸೀಟಿ ಊದಿದರೆ ಹಿಂದೆ ಬರಬೇಕು.

ದೂರದ ಇನ್ನೊಂದು ಕಡಲ ನಗರ

ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ವಿದೇಶದ ಕಡಲ ನಗರಗಳನ್ನು ನಾವೂ ನೋಡುತ್ತೇವೆ. ಅವು ಹಣವಂತರ ಊರು, ನಮಗೂ ಅದಕ್ಕೂ ಏನು ಸಂಬಂಧ ಎಂದು ಅನಿಸುತ್ತದೆ. ಅಂಥ ಒಂದು ನಗರದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮಗೂ ಅದಕ್ಕೂ ಸಂಬಂಧ ಇದೆ.

ಸ್ಪೇನ್ ದೇಶದ ಬಡಗ ತೀರದಲ್ಲಿ ಹಿಹೋನ್ ಎಂಬ ನಗರ ಇದೆ. ಅಸ್ತೂರಿಯಾಸ್ ಎಂಬ ಪ್ರಾಂತದ್ದು. ಸ್ಪೇನ್ ಎಂದರೆ ಒಣಭೂಮಿ, ಬಿಸಿಲು ಎಂದು ತಿಳಿದವರು ಅಲ್ಲಿಗೆ ಹೋದರೆ ಆಶ್ಚರ್ಯಪಡುತ್ತಾರೆ. ಕಡಲಿನಿಂದ ಮೋಡ ಬಂದು ಗುಡ್ಡಕ್ಕೆ ಬಡಿದು ಮಳೆ ಸುರಿಸುವ ನಾಡು ಅದು. ಘಟ್ಟದ ಬುಡದ ನಮ್ಮ ಊರಿನ ಹಾಗೆ ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಹುಲ್ಲು ಇದ್ದಲ್ಲಿ ದನ, ದನ ಇದ್ದಲ್ಲಿ ಹಾಲು. ಸ್ಪೇನ್ ದೇಶದ ಹಾಲಿನ ದೊಡ್ಡ ಪಾಲು ಈ ಬಡಗ ತೀರದ ಪ್ರಾಂತಗಳಿಂದಲೇ ಬರುತ್ತದೆ. ಅಸ್ತೂರಿಯಾಸ್‌ನ ರೈತರು 1960ರ ದಶಕದ ಕೊನೆಯಲ್ಲಿ ಒಟ್ಟು ಸೇರಿ ‘ಸೆಂತ್ರಾಲ್ ಲೆಚೇರಾ ಅಸ್ತೂರಿಯಾನಾ’ ಎಂಬ ಹಾಲಿನ ಸಂಸ್ಥೆ ಕಟ್ಟಿದರು. ಇಂದು ಅದು ಆ ದೇಶದ ದೊಡ್ಡ ಹಾಲಿನ ಹೆಸರುಗಳಲ್ಲಿ ಒಂದು. ನಮಗೆ ನಂದಿನಿ ಇದ್ದ ಹಾಗೆ ಅವರಿಗೆ ಅದು.

ಹಿಹೋನ್‌ನಲ್ಲಿ ಕಡಲ ಕರೆ ಪೇಟೆಯ ಹೊರಗೆ ಇಲ್ಲ, ಪೇಟೆಗೆ ತಾಗಿಕೊಂಡೇ ಇದೆ. ಸಾನ್ ಲೊರೆನ್ಸೊ ಎಂಬ ಆ ಮರಳಿನ ಉದ್ದಕ್ಕೂ ಕಲ್ಲಿನ ಗೋಡೆ ಕಟ್ಟಿ, ನಡೆಯಲು ಅಗಲವಾದ ದಾರಿ ಮಾಡಿ, ಕೆಳಗೆ ಇಳಿಯಲು ಅಲ್ಲಲ್ಲಿ ಮೆಟ್ಟಿಲು ಇಟ್ಟಿದ್ದಾರೆ. ಮೆಟ್ಟಿಲುಗಳಿಗೆ ನಂಬರು ಕೊಟ್ಟಿದ್ದಾರೆ, ನಾಲ್ಕನೇ ಮೆಟ್ಟಿಲ ಹತ್ತಿರ ಸಿಗೋಣ ಎಂದು ಹೇಳಿಕೊಳ್ಳುವ ಹಾಗೆ. ಮುದುಕಿಯರೂ, ಮಕ್ಕಳೂ, ಕೆಲಸ ಮುಗಿಸಿ ಬಂದವರೂ ಸಂಜೆ ಅಲ್ಲಿ ನಡೆಯುತ್ತಾರೆ. ಜೂನ್ ತಿಂಗಳಲ್ಲಿ ಅಲ್ಲಿ ಗಡಿಯಾರದ ಪ್ರಕಾರ ರಾತ್ರಿ ಹತ್ತು ಗಂಟೆಯವರೆಗೆ ಬೆಳಕು ಇರುತ್ತದೆ. ಹಳ್ಳಿಯ ಹೆಂಗಸು ಸಂಜೆಯ ಹಾಲು ಕರೆದು, ಕೈ ತೊಳೆದು ಹೊರಟರೂ ಕಡಲಿನ ಮೇಲಿನ ಬೆಳಕು ಅವಳಿಗೆ ಸಿಗುತ್ತದೆ. ನಮಗೆ ಆ ಸೌಕರ್ಯ ಇಲ್ಲ. ನಮ್ಮ ಸೂರ್ಯ ಕಾಯುವವನಲ್ಲ.

ಅದೇ ನಗರದ ಕಡಲ ಅಂಚಿನಲ್ಲಿ ಒಬ್ಬ ಹೆಂಗಸಿನ ಕಂಚಿನ ಪ್ರತಿಮೆ ಇದೆ. 1970ರಲ್ಲಿ ನಿಲ್ಲಿಸಿದ್ದು. ಕೂದಲು ಕೆದರಿದೆ, ಒಂದು ಕೈ ಕಡಲಿನ ಕಡೆಗೆ ಚಾಚಿದೆ. ‘ವಲಸೆ ಹೋದವನ ತಾಯಿ’ ಎಂದು ಅದರ ಹೆಸರು. ಆ ನಾಡಿನ ಗಂಡುಮಕ್ಕಳು ಹಿಂದೆ ಹಡಗು ಹತ್ತಿ ಕ್ಯೂಬಾ, ಅರ್ಜೆಂಟೀನಾಕ್ಕೆ ದುಡಿಯಲು ಹೋಗುತ್ತಿದ್ದರು. ಹಿಂದೆ ಉಳಿದ ತಾಯಿ ದನ, ಗದ್ದೆ ನೋಡಿಕೊಂಡಳು. ಮುಂಬಯಿಗೆ, ದುಬೈಗೆ, ಕುವೈತಿಗೆ ಮಕ್ಕಳನ್ನು ಕಳಿಸಿ ಹಟ್ಟಿ ನೋಡಿಕೊಂಡಿರುವ ನಮ್ಮ ಊರಿನ ಅಮ್ಮಂದಿರಿಗೆ ಆ ಪ್ರತಿಮೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಹಿಹೋನ್‌ನಿಂದ ಒಳನಾಡಿಗೆ ಹೋದರೆ ಓವಿಯೆದೊ ಎಂಬ ಇನ್ನೊಂದು ನಗರ. ಅಲ್ಲಿನ ಹಳೆಯ ಪೇಟೆಯ ಚೌಕದಲ್ಲಿ ಹಾಲು ಮಾರುವ ಹೆಂಗಸಿನ ಪ್ರತಿಮೆ ಇದೆ, ಪಕ್ಕದಲ್ಲಿ ಹಾಲಿನ ಕ್ಯಾನು ಹೊತ್ತ ಕತ್ತೆ. ಹಳ್ಳಿಯಿಂದ ಹಾಲು ತಂದು ಪೇಟೆಯವರನ್ನು ಸಾಕಿದವಳನ್ನು ಪೇಟೆ ಮರೆತಿಲ್ಲ ಎಂಬುದಕ್ಕೆ ಅದು ಗುರುತು.

ನಮಗೆ ಪ್ರತಿಮೆ ಬೇಡ. ಕಡಲ ಕಡೆಗೆ ಮುಖ ಮಾಡಿ ಅರ್ಧ ಗಂಟೆ ಕುಳಿತುಕೊಳ್ಳಲು ಬಿಡುವು ಸಿಕ್ಕಿದರೆ ಸಾಕು.

“ದನ ಕರೆಯುವವರು ಯಾರು?”

ಎಲ್ಲಿಗಾದರೂ ಹೋಗೋಣ ಅಕ್ಕ ಎಂದು ಕರೆದರೆ ಮೊದಲು ಬರುವ ಉತ್ತರ ಇದು. ಈ ಪ್ರಶ್ನೆಗೆ ಉತ್ತರ ಹುಡುಕದೆ ಪ್ರವಾಸದ ಮಾತು ಆಡಿ ಪ್ರಯೋಜನ ಇಲ್ಲ.

ಯುರೋಪಿನ ಇನ್ನೊಂದು ಮೂಲೆಯ ಫಿನ್‌ಲ್ಯಾಂಡ್ ದೇಶ ಈ ಪ್ರಶ್ನೆಯನ್ನು ಕಾನೂನಿನಿಂದಲೇ ಬಿಡಿಸಿದೆ. 1970ರ ದಶಕದಿಂದ ಅಲ್ಲಿ ದನ ಸಾಕುವ ರೈತರಿಗೆ ರಜೆಯ ಹಕ್ಕು ಇದೆ. ಈಗ ಅದು ವರ್ಷಕ್ಕೆ 26 ದಿನ. ಆ ದಿನಗಳಲ್ಲಿ ತರಬೇತಿ ಪಡೆದ ಬದಲಿ ಕೆಲಸದವರು ಬಂದು ಹಾಲು ಕರೆದು, ಹುಲ್ಲು ಹಾಕಿ ಹೋಗುತ್ತಾರೆ. ದನ ಸಾಕುವವರೂ ಮನುಷ್ಯರು, ಅವರಿಗೂ ದಣಿವು ಇದೆ ಎಂದು ಒಂದು ಸರಕಾರ ಒಪ್ಪಿಕೊಂಡು ಇಷ್ಟು ವರ್ಷ ಆಯಿತು. ನಾನು 26 ದಿನ ಕೇಳುತ್ತಿಲ್ಲ. ಒಂದು ದಿನದಿಂದ ಶುರು ಮಾಡೋಣ ಎನ್ನುತ್ತಿದ್ದೇನೆ.

ಅದಕ್ಕೆ ಸರಕಾರವನ್ನೇ ಕಾಯಬೇಕಾಗಿಲ್ಲ. ಮುಯ್ಯಾಳು ನಮಗೆ ಹೊಸದಲ್ಲ. ನಾಟಿಯ ಕಾಲದಲ್ಲಿ ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ ಎಂದು ನಮ್ಮ ಅಜ್ಜಿಯಂದಿರು ಊರಿನ ಗದ್ದೆಗಳನ್ನೆಲ್ಲ ನೆಟ್ಟರು. ಅದೇ ಲೆಕ್ಕವನ್ನು ಹಟ್ಟಿಗೆ ತರಬಹುದು. ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಒಂದು ಗುಂಪು. ಇಬ್ಬರು ಹೋದ ದಿನ ಉಳಿದಿಬ್ಬರು ಅವರ ಸಂಜೆಯ ಹಾಲು ಕರೆಯುವುದು, ಇನ್ನೊಂದು ತಂಡ ಹೊರಟ ದಿನ ತಿರುಗಿಸಿ ಮಾಡುವುದು. ದುಡ್ಡಿನ ಮಾತೇ ಬರುವುದಿಲ್ಲ.

ಆದರೆ ದನಕ್ಕೆ ಇದನ್ನು ಮೊದಲೇ ಅಭ್ಯಾಸ ಮಾಡಿಸಬೇಕು. ಕೆಚ್ಚಲು ತೊಳೆದು ಉಜ್ಜಿದಾಗ ದನದ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಹೊರಟು ಹಾಲು ಇಳಿಯುತ್ತದೆ. ಅದರ ಪ್ರಭಾವ ಐದಾರು ನಿಮಿಷ ಮಾತ್ರ. ಗುರುತಿಲ್ಲದವರು ಬಂದು ದನ ಹೆದರಿದರೆ ಆ ರಸದ ಕೆಲಸ ನಿಂತು, ಹಾಲು ಕೆಚ್ಚಲಿನಲ್ಲೇ ಉಳಿಯುತ್ತದೆ. ಹಾಲು ಪೂರ್ತಿ ಇಳಿಸದೆ ಬಿಟ್ಟರೆ ಕೆಚ್ಚಲು ಬಾವಿನ ಭಯ. ಹಾಗಾಗಿ ಹೊರಡುವ ದಿನಕ್ಕೆ ಒಂದು ವಾರ ಮೊದಲೇ ಬದಲಿ ಕರೆಯುವವರು ಹಟ್ಟಿಗೆ ಬರಲಿ. ಮೊದಲ ಎರಡು ದಿನ ಪಕ್ಕದಲ್ಲಿ ನಿಂತು ದನದ ಮೈ ಸವರಲಿ, ಹಿಂಡಿ ಅವರ ಕೈಯಿಂದಲೇ ಹಾಕಿಸಿ. ಮೂರನೇ ದಿನದಿಂದ ಎರಡು ಮೊಲೆ ನೀವು, ಎರಡು ಅವರು. ಕೊನೆಯ ಎರಡು ದಿನ ನೀವು ಎದುರಿಗೆ ಇದ್ದು, ಪೂರ್ತಿ ಅವರೇ ಕರೆಯಲಿ. ನೀವು ದಿನವೂ ಹಟ್ಟಿಗೆ ಉಟ್ಟು ಹೋಗುವ ಬಟ್ಟೆಯನ್ನೇ ಅವರು ಮೇಲೆ ಹಾಕಿಕೊಂಡರೆ ವಾಸನೆಯ ಗುರುತಿಗೆ ದನ ಸಮಾಧಾನದಲ್ಲಿರುತ್ತದೆ. ಹೊತ್ತು ತಪ್ಪಿಸಬಾರದು, ಮೇವು ಬದಲಿಸಬಾರದು.

ಇನ್ನೂ ಎರಡು ಎಚ್ಚರಿಕೆ. ಕರು ಹಾಕಲು ದಿನ ಹತ್ತಿರ ಬಂದ ದನ, ಕರು ಹಾಕಿ ಕೆಲವೇ ದಿನ ಆದ ದನ, ಕೆಚ್ಚಲು ಬಾವಿಗೆ ಮದ್ದು ನಡೆಯುತ್ತಿರುವ ದನ ಇದ್ದವರು ಆ ಸಲ ಉಳಿದು ಮುಂದಿನ ತಂಡದಲ್ಲಿ ಹೋಗಲಿ. ಮತ್ತೆ, ಯಾರ ಹಾಲು ಯಾರ ಕ್ಯಾನಿಗೆ ಎಂಬ ಗೊಂದಲ ಆಗಬಾರದು. ಪ್ರತಿ ಮನೆಯ ಹಾಲು ಬೇರೆಯಾಗಿಯೇ ಸಂಘಕ್ಕೆ ಹೋಗಿ, ಆಯಾ ಸದಸ್ಯರ ನಂಬರಿಗೇ ಅಳತೆ, ಫ್ಯಾಟ್ ಬರೆಯಬೇಕು. ಇಲ್ಲವಾದರೆ ಪ್ರವಾಸದ ಸಂತೋಷ ಪಾಸ್‌ಬುಕ್ಕಿನ ಜಗಳದಲ್ಲಿ ಮುಗಿದೀತು.

ಮನೆಯ ಗಂಡಸರಿಗೂ ಒಂದು ಮಾತು. ಅಡಿಕೆ ಮರ ಹತ್ತುವ, ಟಿಲ್ಲರ್ ಓಡಿಸುವ ಕೈಗೆ ನಾಲ್ಕು ಮೊಲೆ ಹಿಂಡುವುದು ಕಲಿಯಲಾರದ ವಿದ್ಯೆ ಅಲ್ಲ. ಎಷ್ಟೋ ಮನೆಗಳಲ್ಲಿ ಗಂಡಸರು ಚೆನ್ನಾಗಿ ಹಾಲು ಕರೆಯುತ್ತಾರೆ. ಇನ್ನೆಷ್ಟೋ ಮನೆಗಳಲ್ಲಿ ದನ ಅವರಿಗೆ ಒಗ್ಗುವುದಿಲ್ಲ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಯುತ್ತದೆ. ಮೇಲಿನ ಒಂದು ವಾರದ ಅಭ್ಯಾಸ ಅವರಿಗೂ ಆಗುತ್ತದೆ.

ಇದು ಪ್ರವಾಸಕ್ಕೆ ಮಾತ್ರ ಸಂಬಂಧಿಸಿದ ವಿಷಯ ಎಂದು ತಿಳಿಯಬೇಡಿ. ಒಬ್ಬಳ ಕೈಯನ್ನೇ ನಂಬಿದ ಹಟ್ಟಿಯಲ್ಲಿ ಅವಳಿಗೆ ಜ್ವರ ಬಂದರೆ, ಗರ್ಭಕೋಶದ ಆಪರೇಷನ್ ಆದರೆ, ಕೈ ಮುರಿದರೆ ಏನಾಗುತ್ತದೆ? ಡಾಕ್ಟರು ಎರಡು ತಿಂಗಳು ವಿಶ್ರಾಂತಿ ಎಂದರೆ ಎರಡು ವಾರಕ್ಕೇ ಎದ್ದು ಹಟ್ಟಿಗೆ ಹೋಗುತ್ತಾಳೆ. ಇಲ್ಲವೇ ಕರೆಯುವ ದನವನ್ನು ಸಿಕ್ಕಿದ ಬೆಲೆಗೆ ಮಾರುತ್ತಾರೆ. ಸಂಘದ ಪಟ್ಟಿಯಿಂದ ಒಂದು ಹೆಸರು ಕಡಿಮೆಯಾಗುತ್ತದೆ. ಹೆಚ್ಚಿನ ಹಟ್ಟಿಗಳು ಮುಚ್ಚುವುದು ದನಕ್ಕೆ ಬಂದ ಕಾಯಿಲೆಯಿಂದಲೋ ಹೆಂಗಸಿನ ದಣಿವಿನಿಂದಲೋ, ನೀವೇ ನಿಮ್ಮ ಊರಿನಲ್ಲಿ ಲೆಕ್ಕ ಹಾಕಿ. ಕಡಲು ನೋಡುವ ಒಂದು ದಿನಕ್ಕಾಗಿ ಪ್ರತಿ ಹಟ್ಟಿಯಲ್ಲಿ ಎರಡನೆಯ ಒಂದು ಜೊತೆ ಕೈ ತಯಾರಾದರೆ, ಆ ಕೈ ಕಷ್ಟಕಾಲಕ್ಕೂ ಒದಗುತ್ತದೆ.

ಎದುರು ಮಾತುಗಳು

ಈ ವಿಚಾರ ಎತ್ತಿದಾಗ ಕೇಳುವ ಮಾತುಗಳು ನನಗೆ ಗೊತ್ತಿವೆ.

ಸಂಘದಿಂದ ಅಧ್ಯಯನ ಪ್ರವಾಸ ಇದೆಯಲ್ಲ ಎನ್ನುತ್ತಾರೆ. ಒಳ್ಳೆಯದೇ. ಆದರೆ ಅದಕ್ಕೆ ಹೋಗುವವರು ಯಾರು? ಹೆಚ್ಚಾಗಿ ಆಡಳಿತ ಮಂಡಳಿಯವರು, ಅದರಲ್ಲೂ ಗಂಡಸರು. ಸದಸ್ಯತ್ವ ಯಜಮಾನರ ಹೆಸರಿನಲ್ಲಿ, ಸೆಗಣಿ ಹೆಂಗಸಿನ ಕೈಯಲ್ಲಿ ಎಂಬ ಸ್ಥಿತಿ ಅನೇಕ ಮನೆಗಳಲ್ಲಿ ಇದೆ. ಪ್ರವಾಸದ ಪಟ್ಟಿ ಮಾಡುವಾಗ ಸದಸ್ಯರ ಹೆಸರು ನೋಡುವ ಬದಲು ಆ ಮನೆಯಲ್ಲಿ ದಿನವೂ ಹಾಲು ಕರೆಯುವವರು ಯಾರು ಎಂದು ಕೇಳಬೇಕು.

ಸುಮ್ಮನೆ ಕಡಲು ನೋಡುವುದಕ್ಕೆ ಸಂಘದ ದುಡ್ಡೇ ಎಂಬುದು ಇನ್ನೊಂದು ಮಾತು. ಬೇಕಾದರೆ ಬೆಳಗಿನ ಹೊತ್ತು ಕುಲಶೇಖರದ ಡೇರಿ ನೋಡೋಣ. ನಮ್ಮ ಕೈಯಿಂದ ಬೆಚ್ಚಗೆ ಹೋದ ಹಾಲನ್ನು ನಾಲ್ಕು ಡಿಗ್ರಿಗೆ ತಣಿಸುವುದು, 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚರೀಕರಿಸುವುದು, ಇದನ್ನೆಲ್ಲ ಕಣ್ಣಾರೆ ನೋಡಿದವಳು ಕ್ಯಾನು ತೊಳೆಯುವ ರೀತಿಯೇ ಬದಲಾಗುತ್ತದೆ. ಅದು ಕಲಿಕೆ, ಒಪ್ಪುತ್ತೇನೆ. ಆದರೂ ಸಂಜೆಯ ಕಡಲಿಗೆ ಕಲಿಕೆಯ ನೆಪ ಹಚ್ಚಬಾರದು. ಹೆಂಗಸು ಮನೆಯಿಂದ ಹೊರಗೆ ಕಾಲಿಡಬೇಕಾದರೆ ಯಾವಾಗಲೂ ಒಂದು ಕಾರಣ ಬೇಕು, ಆಸ್ಪತ್ರೆಯೋ ಮದುವೆಯೋ ಹರಕೆಯೋ. ಸಂತೋಷಕ್ಕೆ ಹೋದೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ವರ್ಷದ 365 ದಿನ, ದಿನಕ್ಕೆ ಎರಡು ಸಲ, ಅಂದರೆ 730 ಸಲ ದನದ ಬುಡದಲ್ಲಿ ಕುಳಿತವಳು ಒಂದು ಸಲ ಎದ್ದು ನಿಂತು ಕಡಲು ನೋಡಿದರೆ ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ದನ ಲಕ್ಷ್ಮಿ, ಅವಳನ್ನು ಬಿಟ್ಟು ತಿರುಗಾಡುವುದೇ ಎಂದು ಮನೆಯ ಹಿರಿಯರು ಹೇಳುವುದುಂಟು. ಲಕ್ಷ್ಮಿಯನ್ನು ಯಾರೂ ಬಿಟ್ಟು ಹೋಗುತ್ತಿಲ್ಲ ಅತ್ತೆ, ಗುರುತಿನ ಕೈಗೆ ಒಪ್ಪಿಸಿ ಹೋಗುತ್ತಿದ್ದೇವೆ ಎಂದು ನಯವಾಗಿ ಹೇಳಿ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ನಮಗಿಂತ ಮೊದಲು ಅದೇ ಹಟ್ಟಿಯಲ್ಲಿ ನಲವತ್ತು ವರ್ಷ ದುಡಿದವರು ಅವರು.

ಸಂಘ ಮಾಡಬಹುದಾದದ್ದು

ನವೆಂಬರ್ 26 ಡಾ. ವರ್ಗೀಸ್ ಕುರಿಯನ್ ಹುಟ್ಟಿದ ದಿನ. ರಾಷ್ಟ್ರೀಯ ಹಾಲು ದಿನ ಎಂದು ಆಚರಿಸುತ್ತೇವೆ. ಆ ಹೊತ್ತಿಗೆ ಮಳೆ ನಿಂತಿರುತ್ತದೆ, ಕಡಲು ಶಾಂತವಾಗಿರುತ್ತದೆ, ಗುಡ್ಡದಲ್ಲಿ ಇನ್ನೂ ಹಸಿ ಹುಲ್ಲು ಇರುತ್ತದೆ. ಆ ವಾರದಿಂದ ಹಿಡಿದು ಜನವರಿಯ ಒಳಗೆ ಪ್ರತಿ ಸಂಘವೂ ತನ್ನ ಹೆಂಗಸರನ್ನು ಎರಡು ತಂಡ ಮಾಡಿ ಒಂದೊಂದು ದಿನ ಮಂಗಳೂರಿಗೆ ಕಳಿಸಬಹುದು. ಉಡುಪಿ, ಕುಂದಾಪುರದ ಕಡೆಯವರಿಗೆ ಮಲ್ಪೆ, ಮರವಂತೆ ಹತ್ತಿರ. ಅವರು ಅಲ್ಲಿಗೇ ಹೋಗಲಿ.

ಬಸ್ಸನ್ನು ಸಂಘವೇ ಗೊತ್ತುಮಾಡಬೇಕು. ಇದರಲ್ಲಿ ರಾಜಿ ಬೇಡ. ಸೂರ್ಯ ಮುಳುಗಿದ ಮೇಲೆ ಹೊರಟರೆ ಸುಳ್ಯ, ಬೆಳ್ತಂಗಡಿ ಮುಟ್ಟುವಾಗ ರಾತ್ರಿ ಒಂಬತ್ತು ದಾಟುತ್ತದೆ. ಅಲ್ಲಿಂದ ಒಳಗಿನ ಹಳ್ಳಿಗೆ ಕೊನೆಯ ಬಸ್ಸು ಆಗಲೇ ಹೋಗಿರುತ್ತದೆ. ಒಬ್ಬೊಬ್ಬಳೇ ಹೋಗಿ ಬನ್ನಿ ಎಂದರೆ ಯಾರೂ ಹೋಗುವುದಿಲ್ಲ, ಮನೆಯವರು ಕಳಿಸುವುದೂ ಇಲ್ಲ. ಮೂವತ್ತು ಜನ ಒಂದೇ ಬಸ್ಸಿನಲ್ಲಿ ಹೋಗಿ, ಸಂಘದ ಎದುರೇ ಇಳಿದರೆ ಆ ಭಯ ಇಲ್ಲ.

ಬದಲಿ ಹಾಲು ಕರೆಯುವವರ ಪಟ್ಟಿಯನ್ನು ಕಾರ್ಯದರ್ಶಿಯವರು ಬರೆದಿಡಲಿ. ಮುಯ್ಯಾಳು ಸಿಗದ ಒಂಟಿ ಮನೆಯವರಿಗೆ ಒಂದು ಸಂಜೆಯ ಕೂಲಿಯನ್ನು ಸಂಘ ಕೊಡಲಿ. ದೊಡ್ಡ ಮೊತ್ತ ಅಲ್ಲ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಬೋನಸ್, ಕಟ್ಟಡ, ಹೊಸ ಯಂತ್ರ ಎಲ್ಲದರ ಮಾತು ಬರುತ್ತದೆ. ಈ ವಿಷಯವನ್ನೂ ಕಲಾಪದ ಪಟ್ಟಿಯಲ್ಲಿ ಸೇರಿಸಿ ಎಂದು ಮೊದಲೇ ಬರೆದುಕೊಡಬೇಕು. ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಮೊದಲು ಮಾಡಿ ತೋರಿಸಲಿ. ಅಧ್ಯಕ್ಷೆಯೂ ನಮ್ಮವಳೇ, ಕಾರ್ಯದರ್ಶಿಯೂ ನಮ್ಮವಳೇ ಇರುವಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ.

ಪೇಟೆಗೆ ಒಂದು ಕೇಳಿಕೆ

ಕೊನೆಗೆ ಮಂಗಳೂರು ಪೇಟೆಯನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಹಂಪನಕಟ್ಟೆಯಲ್ಲಿ ಇಳಿದ ಹಳ್ಳಿಯ ಹೆಂಗಸು ಮೊದಲು ಹುಡುಕುವುದು ಚಿನ್ನದ ಅಂಗಡಿಯನ್ನಲ್ಲ, ಶೌಚಾಲಯವನ್ನು. ಸಿಗಲಾರದು ಎಂಬ ಭಯದಿಂದ ಬೆಳಗ್ಗೆಯಿಂದ ನೀರು ಕುಡಿಯದೆ ಬರುವವರು ನಮ್ಮಲ್ಲಿ ಬಹಳ ಜನ. ನೀರು ಕೊಟ್ಟವನ ಹೆಸರು ಹೊತ್ತ ಜಾಗಕ್ಕೆ ಹೆಂಗಸರು ಬಾಯಾರಿಕೊಂಡು ಬರುವುದು ಚಂದವಲ್ಲ. ಬಸ್ಸು ಇಳಿಯುವಲ್ಲಿ, ಆಸ್ಪತ್ರೆಗಳ ಹತ್ತಿರ, ಕಡಲ ಕರೆಗಳಲ್ಲಿ ಬಾಗಿಲು ಭದ್ರ ಇರುವ, ನೀರು ಬರುವ ಶೌಚಾಲಯ, ಕುಡಿಯುವ ನೀರು, ಮಂಡಿ ನೋವಿನವರು ಕುಳಿತುಕೊಳ್ಳಲು ನೆರಳಿನಲ್ಲಿ ನಾಲ್ಕು ಕಲ್ಲುಬೆಂಚು. ಕಡಲ ಕರೆಯಲ್ಲಿ ಮರಳಿನವರೆಗೆ ಇಳಿಯಲು ಹಿಡಿದುಕೊಳ್ಳುವ ಕಂಬಿ ಇರುವ ಮೆಟ್ಟಿಲು. ಇದಕ್ಕೆ ಸ್ಪೇನಿನ ಹಣ ಬೇಕಾಗಿಲ್ಲ, ಅಪ್ಪಣ್ಣನ ಮನಸ್ಸು ಸಾಕು.

ಸಹೋದರಿಯರೇ, ಮುಂದಿನ ಸಲ ಹಾಲು ಹಾಕಲು ಹೋದಾಗ ಸರದಿಯಲ್ಲಿ ನಿಂತಿರುವ ಪಕ್ಕದವರ ಹತ್ತಿರ ಈ ಮಾತು ಎತ್ತಿ. ಯಾರು ಯಾರ ದನ ಕರೆಯಬಹುದು ಎಂದು ಅಲ್ಲೇ ನಾಲ್ಕು ಹೆಸರು ಹೇಳಿ ನೋಡಿ. ಹೆಸರು ಕೂಡಿಬಂದರೆ ಕಾರ್ಯದರ್ಶಿಯವರ ಮೇಜಿನ ಮೇಲೆ ಒಂದು ಅರ್ಜಿ ಇಡಿ. ಅರ್ಜಿಯಲ್ಲಿ ಉದ್ದೇಶ ಎಂಬ ಜಾಗದಲ್ಲಿ ಬೇರೆ ಏನನ್ನೂ ಬರೆಯಬೇಡಿ. “ಕಡಲು ನೋಡಲು” ಎಂದೇ ಬರೆಯಿರಿ.